ಖಾಲಿ ತೋಟೆ ತುಂಬುವ ಮುಂಚೆ

ನಮ್ಮ ಕಡೆ ಈಚೆಗೆ ಒಂದು ಹೊಸ ಮಾತು ಹುಟ್ಟಿಕೊಂಡಿದೆ. "ಹೊಡೆದ ತೋಟೆಯನ್ನು ಯಾಕೆ ಬಿಸಾಕಬೇಕು? ಅಮೆರಿಕದಲ್ಲಿ ಮನೆಯಲ್ಲೇ ಮತ್ತೆ ತುಂಬಿಕೊಳ್ತಾರಂತೆ. ಫೋನಿನಲ್ಲಿ ಎಲ್ಲಾ ತೋರಿಸ್ತಾರೆ. ನಾವೂ ತುಂಬಿಕೊಂಡರೆ ಆಯ್ತು."

ಹೀಗೆ ಹೇಳುವವರು ದಡ್ಡರಲ್ಲ. ಒಂದು ರಾತ್ರಿಯಲ್ಲಿ ಹಂದಿ ಹಿಂಡು ಕಡಲೆಕಾಯಿ ಹೊಲವನ್ನು ನೇಗಿಲು ಹೊಡೆದ ಹಾಗೆ ಉತ್ತು ಹೋದದ್ದನ್ನು ಕಂಡವರು. ತೋಟೆ ದುಬಾರಿ, ಅಂಗಡಿ ದೂರದ ಪಟ್ಟಣದಲ್ಲಿ. ಹರಿದ ಗೋಣಿಯನ್ನೂ ಹೊಲಿದು ಬಳಸುವ ನಮ್ಮಂಥವರಿಗೆ ಖಾಲಿ ತೋಟೆ ಬಿಸಾಕಲು ಮನಸ್ಸು ಬರದೆ ಇರೋದು ಸಹಜವೇ.

ಆದರೆ ಈ ಮಾತಿನಲ್ಲಿ ಅರ್ಧ ಮಾತ್ರ ನಮ್ಮ ಕಿವಿಗೆ ಬಿದ್ದಿದೆ. ಅಲ್ಲಿಯವರು ತುಂಬುತ್ತಾರೆ ಅನ್ನೋದು ನಿಜ. ತುಂಬುವ ಮುಂಚೆ ಎಷ್ಟು ಕಲಿಯುತ್ತಾರೆ ಅನ್ನೋದನ್ನು ನಾವು ಕೇಳಿಲ್ಲ. ತುಂಬೋದನ್ನು ಎತ್ತಿಕೊಂಡು ಕಲಿಯೋದನ್ನು ಬಿಟ್ಟರೆ ಕಣ್ಣು, ಕೈಬೆರಳು ಹೋಗುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿ ನಿಜಕ್ಕೂ ಏನು ಮಾಡ್ತಾರೆ?

ನನ್ನ ಅಕ್ಕನ ಮಗ ಅಮೆರಿಕದ ಒಹಾಯೊ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ರಜಾ ದಿನ ಅಲ್ಲಿನ ಒಂದು ಗುರಿಗಾರರ ಸಂಘಕ್ಕೆ ಹೋಗಿ ಕಾಗದದ ಗುರಿಗೆ ರೈಫಲ್ ಹೊಡೆಯುತ್ತಾನೆ. ಬೇಟೆಗೆ ಹೋಗುವವನಲ್ಲ. ತೋಟೆಯನ್ನು ತಾನೇ ತುಂಬಲು ಕಲಿತಿದ್ದಾನೆ. ಊರಿಗೆ ಬಂದಿದ್ದಾಗ ಕೂರಿಸಿಕೊಂಡು ಮೊದಲಿಂದ ಕೊನೆವರೆಗೂ ಕೇಳಿದೆ. ನಾನು ಏಳನೇ ಕ್ಲಾಸು ಓದಿದವನು. ಆದರೂ ಅವನು ಹೇಳಿದ್ದು ಅರ್ಥವಾಯಿತು. ಯಾಕಂದರೆ ಅದು ಬಿತ್ತನೆ ಬೀಜ ಆರಿಸುವಂಥ ಕೆಲಸ, ತಾಳ್ಮೆಯ ಕೆಲಸ.

ಅವನು ಬಳಸುವ ತೋಟೆಗೆ 45-70 ಅಂತ ಹೆಸರು. ಅಮೆರಿಕದ ಸೈನ್ಯ 1873ರಲ್ಲಿ ಬಳಕೆಗೆ ತಂದದ್ದು. 45 ಅಂದರೆ ಗುಂಡಿನ ದಪ್ಪ, ಇಂಚಿನ ನೂರು ಭಾಗದಲ್ಲಿ ಸುಮಾರು 45. 70 ಅಂದರೆ ಆಗ ಅದಕ್ಕೆ ಹಾಕುತ್ತಿದ್ದ ಕರಿಮದ್ದಿನ ತೂಕ, 70 ಗ್ರೇನ್. ಈ ತೋಟೆಯ ಒಡಲು ಹೆಚ್ಚುಕಡಿಮೆ ಕೊಳವೆಯ ಹಾಗೆ ನೇರ. ಈಗಿನ ಬಹಳಷ್ಟು ರೈಫಲ್ ತೋಟೆಗಳು ಸೀಸೆಯ ಹಾಗೆ, ಮೇಲೆ ಕತ್ತು ಸಣ್ಣಗಾಗಿರುತ್ತವೆ.

ಈ ನೇರ ತೋಟೆಗೆ ಆ ಕಡೆ ಬೇಡಿಕೆ ಬರಲು ಕಾರಣವಿದೆ. ಒಹಾಯೊ ಬಹುಪಾಲು ಬಯಲು ಸೀಮೆ, ಹೊಲಗಳ ನಡುವೆಯೇ ಮನೆಗಳು. ಅಲ್ಲಿ ಜಿಂಕೆ ಬೇಟೆಗೆ ಬಹಳ ಕಾಲ ರೈಫಲ್ ಬಿಡುತ್ತಿರಲಿಲ್ಲ. ಚರೆ ಹೊಡೆಯುವ ಬಂದೂಕಿನ ಜಾತಿಯದು, ಬಾಯಿಂದ ಮದ್ದು ತುಂಬುವ ಬಂದೂಕು, ಇಂಥವೇ ಆಗಬೇಕಿತ್ತು. 2014ರಲ್ಲಿ ನೇರ ತೋಟೆಯ ರೈಫಲ್‌ಗೆ ಅವಕಾಶ ಕೊಟ್ಟರು. ಕತ್ತಿನ ತೋಟೆಯ ಗುಂಡಿನಷ್ಟು ದೂರ ಇದರ ಗುಂಡು ಹೋಗೋದಿಲ್ಲ ಅನ್ನೋದೇ ಕಾರಣ. ಅದೇ ವರ್ಷ ಮಿಷಿಗನ್ ರಾಜ್ಯದ ದಕ್ಷಿಣ ಭಾಗದಲ್ಲಿ, 2017ರಲ್ಲಿ ಅಯೋವಾದಲ್ಲಿ ಇಂಥದೇ ಅವಕಾಶ ಬಂತು. ನೆಲ ಹೇಗಿದೆ, ತಪ್ಪಿದ ಗುಂಡು ಎಲ್ಲಿಗೆ ಹೋಗಿ ಬೀಳುತ್ತೆ ಅಂತ ನೋಡಿ ಮಾಡಿದ ಕಾನೂನು ಇದು. ಬಯಲುಸೀಮೆಯ ನಾವು ಇದನ್ನು ಗಮನಿಸಬೇಕು.

ಇನ್ನು ತುಂಬುವ ಕೆಲಸ. ಹೊಡೆದ ಹಿತ್ತಾಳೆ ತೋಟೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡ್ತಾರೆ. ಬಾಯಲ್ಲಿ, ಬುಡದ ಹತ್ತಿರ ಕೂದಲೆಳೆ ಬಿರುಕು ಕಂಡರೂ ಅದು ಗುಜರಿಗೆ. ಉಳಿದದ್ದನ್ನು ತೊಳೆದು ಒಣಗಿಸಿ, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರ್ತಾರೆ. ಹೊಡೆದಾಗ ಹಿತ್ತಾಳೆ ಉಬ್ಬಿರುತ್ತಲ್ಲ, ಅದಕ್ಕೆ. ಹಳೇ ಕೇಪು ತೆಗೆದು ಹೊಸದು ಕೂರಿಸ್ತಾರೆ. ನೇರ ತೋಟೆಗೆ ಇನ್ನೊಂದು ಕೆಲಸ ಉಂಟು, ಗುಂಡು ಸಲೀಸಾಗಿ ಕೂರಲಿ ಅಂತ ಬಾಯಿಯನ್ನು ಒಂದಿಷ್ಟೇ ಅಗಲ ಮಾಡೋದು. ಆಮೇಲೆ ಮದ್ದು ತೂಗಿ ಹಾಕಿ, ಗುಂಡು ಕೂರಿಸಿ, ಬಾಯಿಯನ್ನು ಮತ್ತೆ ಒತ್ತಿ ಬಿಗಿ ಮಾಡ್ತಾರೆ.

ಕೇಳಲು ಸುಲಭ. ಗಂಡಾಂತರ ಇರೋದು ತೂಕದಲ್ಲಿ. ಗ್ರೇನ್ ಅಂದರೆ ಎಷ್ಟು ಗೊತ್ತೇ? ಅಕ್ಕಸಾಲಿಯ ಹತ್ತಿರ ಗುಲಗಂಜಿ ತೂಕ ನೋಡಿದ್ದೀರಲ್ಲ, ಅದರ ಅರ್ಧದಷ್ಟು. ಒಂದು ಗ್ರಾಂಗೆ ಹದಿನೈದು ಗ್ರೇನಿಗಿಂತ ಸ್ವಲ್ಪ ಜಾಸ್ತಿ. ಇವರು ಒಂದು ಗ್ರೇನಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ತಕ್ಕಡಿ ಇಟ್ಟುಕೊಂಡು ತೂಗ್ತಾರೆ.

ಯಾಕೆ ಇಷ್ಟು ಅಂತ ಕೇಳಿದೆ. ಅವನು ಹೇಳಿದ್ದು ಹೀಗೆ: "ಮಾವ, ಈ ತೋಟೆ ಹುಟ್ಟಿದ್ದು ಕರಿಮದ್ದಿಗೆ. ಕರಿಮದ್ದು ಹಾಕಿದರೆ ಹೊಟ್ಟೆ ಪೂರ್ತಿ ತುಂಬುತ್ತೆ. ತಪ್ಪಿ ಎರಡು ಸಲ ಹಾಕಿದರೆ ಹೊರಗೆ ಚೆಲ್ಲುತ್ತೆ, ಗೊತ್ತಾಗುತ್ತೆ. ಈಗಿನ ಹೊಗೆಯಿಲ್ಲದ ಮದ್ದಿಗೆ ಜೋರು ಜಾಸ್ತಿ, ಹಾಕೋದು ಕಡಿಮೆ. ಕೆಲವು ಬಗೆಯದು ತೋಟೆಯ ತಳದಲ್ಲಿ ಒಂದಿಷ್ಟು ಬಿದ್ದಿರುತ್ತೆ ಅಷ್ಟೆ. ಎರಡು ಸಲ ಬಿದ್ದರೂ ಚೆಲ್ಲೋದಿಲ್ಲ. ನೋಡದೆ ಗುಂಡು ಕೂರಿಸಿದರೆ ಹೊಡೆದಾಗ ಬಂದೂಕೇ ಒಡೆಯುತ್ತೆ."

ಮದ್ದು ಹಾಕೋದೇ ಮರೆತರೂ ಅಪಾಯವೇ. ಕೇಪಿನ ಜೋರಿಗೆ ಗುಂಡು ನಳಿಗೆಯ ನಡುವೆ ಬಂದು ಸಿಕ್ಕಿಕೊಳ್ಳಬಹುದು. ಅದನ್ನು ನೋಡದೆ ಇನ್ನೊಂದು ಈಡು ಹೊಡೆದರೆ ನಳಿಗೆ ಸೀಳುತ್ತೆ. ಅದಕ್ಕೇ ಅವನು ತೋಟೆಗಳನ್ನು ತೂತು ಕೊರೆದ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುಂಚೆ ಟಾರ್ಚು ಬಿಟ್ಟು ಒಂದೊಂದರ ಒಳಗೂ ನೋಡ್ತಾನೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಜಾತಿಯ ಮದ್ದಿನ ಡಬ್ಬಿ. ಫೋನು ಇಲ್ಲ, ಮಾತುಕತೆ ಇಲ್ಲ. ಯಾವ ಮದ್ದು, ಎಷ್ಟು ತೂಕ, ಯಾವ ಗುಂಡು, ಆ ತೋಟೆ ಎಷ್ಟನೇ ಸಲ ತುಂಬಿದ್ದು, ಎಲ್ಲಾ ಪುಸ್ತಕದಲ್ಲಿ ಬರೆದಿಡ್ತಾನೆ. ಮದ್ದು ಮಾಡುವವರೇ ಅಚ್ಚು ಹಾಕಿಸಿದ ಕೈಪಿಡಿ ಇರುತ್ತೆ. ಅದರಲ್ಲಿ ಹೇಳಿದ ಕಡಿಮೆ ತೂಕದಿಂದ ಶುರು ಮಾಡಬೇಕು. ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲ.

ಮದ್ದು ಮುಟ್ಟುವ ಮುಂಚೆ ಎಷ್ಟೋ ತಿಂಗಳು ಅವನು ಸಂಘದ ಒಬ್ಬ ಹಿರಿಯರ ಪಕ್ಕ ಕೂತು ಬರೀ ನೋಡಿದ್ದಾನೆ, ತೋಟೆ ತೊಳೆದಿದ್ದಾನೆ. "ದುಡ್ಡು ಉಳಿಯುತ್ತಾ?" ಅಂದೆ. ನಕ್ಕ. "ಅಚ್ಚು, ತಕ್ಕಡಿ, ಒತ್ತುವ ಯಂತ್ರ ತಗೊಂಡಾಯ್ತು. ಒಂದೊಂದು ಈಡಿಗೆ ಕಡಿಮೆ ಬೀಳುತ್ತೆ ಅಂತ ಎರಡು ಪಾಲು ಹೊಡೀತೀನಿ. ಉಳಿದದ್ದೇನೂ ಇಲ್ಲ ಮಾವ. ಪ್ರತಿ ಈಡೂ ಒಂದೇ ಸಮ ಬೀಳುತ್ತೆ, ಗುರಿ ಸುಧಾರಿಸುತ್ತೆ. ಲಾಭ ಅಂದರೆ ಅದೇ." ಉಳಿತಾಯಕ್ಕೆ ಅಂತ ಹೊರಟವರು ಇದನ್ನು ಎರಡು ಸಲ ಓದಬೇಕು.

ನಮ್ಮಲ್ಲಿ ನಡೀತಿರೋದೇನು?

ನಮ್ಮಲ್ಲಿ ಬೆಳೆ ಕಾಯಲು ಪರವಾನಗಿ ಇರುವ ಬಂದೂಕುಗಳಲ್ಲಿ ಎಷ್ಟೋ ಬಾಯಿಂದ ತುಂಬುವ ನಾಡಬಂದೂಕು. ನನ್ನ ಹತ್ತಿರ ಇರೋದೂ ಅಪ್ಪನ ಕಾಲದಿಂದ ಬಂದ ಅಂಥದ್ದೇ. ಮದ್ದು, ಅದರ ಮೇಲೆ ನಾರು, ಚರೆ, ಮತ್ತೆ ನಾರು, ಗಜದಿಂದ ಗಿಡಿಯೋದು, ಕೊನೆಗೆ ಕೇಪು. ಅಂದರೆ ಪ್ರತಿ ಈಡಿಗೂ ತುಂಬುವ ಕೆಲಸವೇ. ಆ ಲೆಕ್ಕದಲ್ಲಿ ನಾವು ಅಮೆರಿಕದವರಿಂದ ಕಲಿಯಬೇಕಾದ್ದು ತುಂಬೋದನ್ನಲ್ಲ, ಅಳೆಯೋದನ್ನು.

ನಮ್ಮ ಅಳತೆ ಅಂಗೈ. ಒಬ್ಬನ ಅಂಗೈ ದೊಡ್ಡದು, ಒಬ್ಬನದು ಚಿಕ್ಕದು. "ಹಂದಿ ದೊಡ್ಡದಿದೆ, ಇನ್ನೊಂದು ಚಿಟಿಕೆ ಹಾಕು" ಅನ್ನೋರೂ ಇದ್ದಾರೆ. ಒಳ್ಳೆ ಕರಿಮದ್ದು ಕಣ್ಣಳತೆಯ ಹೆಚ್ಚುಕಡಿಮೆಯನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತೆ. ಅದನ್ನೇ ನಂಬಿ ನಮ್ಮ ಹಿರಿಯರು ಕಾಲ ಹಾಕಿದರು.

ಈಗ ಸಿಗುವ ಮದ್ದು ಯಾವುದು? ಪರವಾನಗಿ ಅಂಗಡಿ ದೂರ ಅಂತ ದೀಪಾವಳಿ ಪಟಾಕಿ ಬಿಚ್ಚಿ ಅದರ ಪುಡಿ ಸುರಿಯುತ್ತಾರೆ. ಬೂದಿ ಬಣ್ಣಕ್ಕೆ ಮಿನುಗುವ ಆ ಪುಡಿಯಲ್ಲಿ ಅಲ್ಯೂಮಿನಿಯಂ ಇರುತ್ತೆ. ಕರಿಮದ್ದು ಉರಿದು ಗುಂಡನ್ನು ತಳ್ಳುತ್ತೆ. ಪಟಾಕಿ ಪುಡಿ ತಳ್ಳೋದಿಲ್ಲ, ಇದ್ದ ಜಾಗದಲ್ಲೇ ಸಿಡಿಯುತ್ತೆ. ಇನ್ನು ಕೆಲವರು ಕಂಪನಿ ತೋಟೆ ಬಿಚ್ಚಿ ಅದರ ಹೊಗೆಯಿಲ್ಲದ ಮದ್ದನ್ನು ನಾಡಬಂದೂಕಿಗೆ ಹಾಕ್ತಾರೆ. ಕರಿಮದ್ದಿಗೆ ಮಾಡಿದ ಹಳೇ ನಳಿಗೆ ಆ ಒತ್ತಡ ತಾಳೋದಿಲ್ಲ. ನಳಿಗೆ ಒಡೆದಾಗ ಮೊದಲು ಏಟು ಬೀಳೋದು ಎಡಗೈಗೆ, ಆಮೇಲೆ ಮುಖಕ್ಕೆ. ಹಂದಿ ಹೊಲದಲ್ಲೇ ಇರುತ್ತೆ.

ಚರೆ ಬಂದೂಕಿನ ಖಾಲಿ ತೋಟೆ ಆಯ್ದಿಟ್ಟುಕೊಂಡಿರುವವರಿಗೂ ಒಂದು ಮಾತು. ಅಕ್ಕನ ಮಗ ತುಂಬೋದು ಗಟ್ಟಿ ಹಿತ್ತಾಳೆಯ ತೋಟೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು ಪ್ಲಾಸ್ಟಿಕ್ ಇಲ್ಲವೇ ಕಾಗದದ ಒಡಲು, ಬುಡಕ್ಕೆ ಮಾತ್ರ ಲೋಹದ ಕುಪ್ಪಿ. ಒಂದು ಸಲ ಹೊಡೆದರೆ ಬಾಯಿ ಸೋತಿರುತ್ತೆ. ಅದಕ್ಕೆ ಬೇರೆಯೇ ಯಂತ್ರ, ಬೇರೆ ಮದ್ದು, ಬೇರೆ ಲೆಕ್ಕ. ಫೋನಿನಲ್ಲಿ ಒಂದನ್ನು ನೋಡಿ ಮನೆಯಲ್ಲಿ ಇನ್ನೊಂದನ್ನು ಮಾಡೋದು ಅಂದರೆ ಎತ್ತಿನ ಔಷಧಿ ಮಗುವಿಗೆ ಕುಡಿಸಿದ ಹಾಗೆ.

ಸಿಡಿಮದ್ದಿನ ಉಂಡೆಯ ವಿಷಯವನ್ನೂ ಹೇಳಲೇಬೇಕು. ಮನೆಯಲ್ಲಿ ಮದ್ದಿನ ಡಬ್ಬಿ ಇದ್ದರೆ ಕೈ ಆ ಕಡೆಗೂ ಹೋಗುತ್ತೆ. ಹಂದಿಗೆ ಅಂತ ಇಟ್ಟದ್ದನ್ನು ಹಸು ಬಾಯಿ ಹಾಕುತ್ತೆ. ದವಡೆ ಛಿದ್ರವಾದ ಹಸು ಮೇವು ತಿನ್ನಲಾರದೆ, ನೀರು ಕುಡಿಯಲಾರದೆ ಸಾಯೋದಕ್ಕೆ ದಿನಗಟ್ಟಲೆ ಬೇಕು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಹೀಗೇ ಬಾಯಿ ಒಡೆದುಕೊಂಡು ಹೊಳೆಯಲ್ಲಿ ನಿಂತೇ ಸತ್ತಿತು. ದೇಶಕ್ಕೆ ದೇಶವೇ ರೈತರನ್ನು ಬೈಯಿತು. ನಮ್ಮ ಬೆಳೆನಷ್ಟದ ಕೂಗು ಅವತ್ತು ಯಾರ ಕಿವಿಗೂ ಬೀಳಲಿಲ್ಲ.

ಕಾನೂನು ಎಲ್ಲಿವರೆಗೆ?

1959ರ ಶಸ್ತ್ರ ಕಾಯ್ದೆ ರೈತನನ್ನು ಮರೆತಿಲ್ಲ. ನಿಜವಾಗಿ ಬೆಳೆ ಕಾಯಲು ಬಾಯಿಂದ ತುಂಬುವ ಬಂದೂಕು ಕೇಳುವವನ ವಿಷಯ ಅದರ 13ನೇ ಕಲಮಿನಲ್ಲೇ ಬರುತ್ತೆ. ಆದರೆ ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ಮದ್ದುಗುಂಡು ತಯಾರಿಸುವ ಪರವಾನಗಿ ಬೇರೆ. ಎರಡನೆಯದು 5ನೇ ಕಲಮು. ಮೊದಲನೆಯದು ಕೈಯಲ್ಲಿದೆ ಅಂತ ಹಟ್ಟಿಯಲ್ಲಿ ತೋಟೆ ಕಾರ್ಖಾನೆ ಇಡುವ ಹಾಗಿಲ್ಲ. ಸಿಕ್ಕಿಬಿದ್ದರೆ ಇರುವ ಬಂದೂಕೂ ಹೋಗುತ್ತೆ, ಕೇಸೂ ಬೀಳುತ್ತೆ. ಒಬ್ಬನ ಹೆಸರು ಕೆಟ್ಟರೆ ಸುತ್ತಲಿನ ಹತ್ತು ಜನರ ಪರವಾನಗಿ ನವೀಕರಣಕ್ಕೂ ತೊಡಕು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬಂದೂಕಿನ ಪರವಾನಗಿ ಇದ್ದರೆ ಹಂದಿ ಹೊಡೆಯಬಹುದು ಅಂತ. ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನ ಪ್ರಕಾರ, ನಿಂತ ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಹೊಡೆಯಲು ಅಧಿಕಾರ ಇರುವ ಅಧಿಕಾರಿ ಬರೆದು ಅಪ್ಪಣೆ ಕೊಡಬೇಕು. ಕೇರಳದಲ್ಲಿ 2022ರಲ್ಲಿ ಈ ಅಪ್ಪಣೆ ಕೊಡುವ ಅಧಿಕಾರವನ್ನು ಕಾಡುಹಂದಿಯ ಮಟ್ಟಿಗೆ ಪಂಚಾಯಿತಿ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆ ಮುಖ್ಯಸ್ಥರಿಗೆ ಕೊಟ್ಟರು. ಹೊಡೆಯೋದು ಮಾತ್ರ ಪರವಾನಗಿ ಇದ್ದವರೇ ಆಗಬೇಕು. ನಾವು ಕೇಳಬೇಕಾದ್ದು ಇಂಥದ್ದನ್ನು. ಹಾಗೆ ಕೇಳಬೇಕಾದರೆ ನಮ್ಮಲ್ಲಿ ಗುರಿ ಕಲಿತ ಕೈಗಳಿವೆ ಅಂತ ತೋರಿಸಬೇಕು.

ಗುರಿ ಕಲಿಯಲು ಮದ್ದೇ ಬೇಡ

ಗುರಿ ಅಭ್ಯಾಸಕ್ಕೆ ತೋಟೆ ಸಾಲದು, ಅದಕ್ಕೇ ತುಂಬಿಕೊಳ್ಳೋಣ ಅನ್ನುವ ಹುಡುಗರಿದ್ದಾರೆ. ಅವರಿಗೆ ನನ್ನ ಉತ್ತರ ಸುಲಭ. ಗುರಿಗಾರರ ಸಂಘಗಳಲ್ಲಿ ಹೊಸಬರಿಗೆ ಕೊಡೋದು ಗಾಳಿಬಂದೂಕು, ಇಲ್ಲವೇ ಪಾಯಿಂಟ್ 22 ರೈಫಲ್. ಪಾಯಿಂಟ್ 22 ತೋಟೆಗೆ ಬೇರೆ ಕೇಪು ಇರೋದಿಲ್ಲ, ಸಿಡಿಯುವ ಮಸಾಲೆ ಬುಡದ ಅಂಚಿನೊಳಗೇ ಇರುತ್ತೆ. ಹೊಡೆದ ಮೇಲೆ ಅಂಚು ನಜ್ಜಾಗುತ್ತೆ. ಅದನ್ನು ಮತ್ತೆ ತುಂಬುವ ಮಾತೇ ಇಲ್ಲ.

ಗಾಳಿಬಂದೂಕಿಗೆ ಮದ್ದೂ ಇಲ್ಲ, ತೋಟೆಯೂ ಇಲ್ಲ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಗಾಳಿ ರೈಫಲ್‌ನಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ಗೆ ಹೋಗಿದ್ದು 50 ಮೀಟರ್ ಪಿಸ್ತೂಲಿಗೆ, ಅದರಲ್ಲಿ ಬಳಸೋದು ಪಾಯಿಂಟ್ 22. ಉಸಿರು ಹಿಡಿಯೋದು, ಕುದುರೆಯನ್ನು ಜಗ್ಗದೆ ಮೆಲ್ಲಗೆ ಒತ್ತೋದು, ಗುರಿಯ ಹಿಂದೆ ಏನಿದೆ ಅಂತ ನೋಡೋದು, ಇವನ್ನೆಲ್ಲ ಇಂಥ ಬಂದೂಕಿನಲ್ಲೇ ಕಲಿಯಬಹುದು.

ಕೊಡಗಿನವರನ್ನು ನೋಡಿ. ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪೈಪೋಟಿ ನಡೆಸ್ತಾರೆ. ಊರಿನವರ ಎದುರಿಗೆ, ಹಿರಿಯರ ಕಣ್ಣ ಮುಂದೆ. ನಮ್ಮಲ್ಲಿ ಬಂದೂಕು ಅಟ್ಟದ ಮೇಲಿಂದ ಇಳಿಯೋದು ಹಂದಿ ಬಂದ ರಾತ್ರಿ ಮಾತ್ರ. ನಿದ್ದೆಗಣ್ಣು, ಕತ್ತಲು, ಸಿಟ್ಟು. ತೊಗರಿ ಸಾಲಿನಲ್ಲಿ ಸದ್ದಾದ ಕಡೆಗೆ ಈಡು. ಅಲ್ಲಿ ಇರೋದು ಹಂದಿಯೋ, ನೀರು ಕಟ್ಟಲು ಬಂದ ಪಕ್ಕದ ಹೊಲದವನೋ? ಮಲೆನಾಡಿನಲ್ಲಿ ತಪ್ಪಿದ ಗುಂಡಿಗೆ ಗುಡ್ಡವಾದರೂ ಅಡ್ಡ ಇರಬಹುದು. ನಮ್ಮ ಬಯಲಿನಲ್ಲಿ ಏನಿದೆ ಅಡ್ಡ? ಪಾಯಿಂಟ್ 22ರಷ್ಟು ಸಣ್ಣ ಗುಂಡೂ ಒಂದು ಮೈಲಿ ಹೋಗಬಲ್ಲದು. ಒಹಾಯೊದವರು ಇದನ್ನೇ ಯೋಚಿಸಿದ್ದು.

"ನಿನ್ನ ಮಾತು ಹೊಟ್ಟೆ ತುಂಬಿಸುತ್ತಾ?"

ಹೀಗೆ ಕೇಳುವವರು ಇದ್ದೇ ಇರ್ತಾರೆ. ಮಳೆ ನಂಬಿದ ಹೊಲ, ವರ್ಷಕ್ಕೆ ಒಂದೇ ಬೆಳೆ. ಕಾಯಿ ಬಲಿಯುವ ಹೊತ್ತಿಗೆ ಹಂದಿ ಬಂದರೆ ಸೊಸೈಟಿ ಸಾಲ ಹಾಗೇ ನಿಲ್ಲುತ್ತೆ. ಪರಿಹಾರಕ್ಕೆ ಅರ್ಜಿ ಹಾಕಿ ಅಲೆದರೆ ಬರುವ ದುಡ್ಡು ಬೀಜದ ಖರ್ಚಿಗೂ ಸಾಲದು. ಇದೆಲ್ಲ ನನಗೂ ಗೊತ್ತು, ನಾನೂ ಅದೇ ಮಳೆ ನಂಬಿದವನು.

ಆದರೆ ಲೆಕ್ಕ ಹಾಕಿ ನೋಡಿ. ಹಂದಿ ತಿಂದದ್ದು ಈ ವರ್ಷದ ಬೆಳೆ. ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ನಳಿಗೆ ಒಡೆದು ಬೆರಳು ಹೋದವನು ಮುಂದೆ ಕೂರಿಗೆ ಹಿಡಿಯೋದು ಹೇಗೆ? ಕಣ್ಣು ಹೋದವನ ಹೊಲ ಯಾರು ನೋಡ್ತಾರೆ? ನಾಲ್ಕು ತೋಟೆಯ ದುಡ್ಡು ಉಳಿಸಲು ಹೋಗಿ ಕೈಯನ್ನು ಪಣಕ್ಕಿಡೋದು ಯಾವ ಬೇಸಾಯದ ಲೆಕ್ಕ?

ತೋಟೆ ಸಿಗೋದಿಲ್ಲ, ದುಬಾರಿ ಅನ್ನುವ ದೂರು ನ್ಯಾಯವಾದದ್ದು. ಅದಕ್ಕೆ ಮದ್ದು ಮನೆಯಲ್ಲಿ ತುಂಬೋದಲ್ಲ, ಸರ್ಕಾರವನ್ನು ಕೇಳೋದು. ನನ್ನ ಅಭಿಪ್ರಾಯದಲ್ಲಿ ರೈತ ಸಂಘದವರು, ಗ್ರಾಮಸಭೆಯವರು ಈ ನಾಲ್ಕನ್ನು ಕೇಳಬೇಕು.

1. ತರಬೇತಿ ತಾಲ್ಲೂಕಿಗೆ ಬರಲಿ. 2016ರ ಶಸ್ತ್ರ ನಿಯಮಗಳಲ್ಲೇ ಪರವಾನಗಿ ಕೇಳುವವರಿಗೆ ಸುರಕ್ಷತೆಯ ತರಬೇತಿ ಅಂತ ಇದೆ. ಪೊಲೀಸ್ ಇಲಾಖೆಯವರು ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸಿದ್ದುಂಟು. ಅದನ್ನು ಬೇಸಿಗೆಯಲ್ಲಿ, ಹೊಲದ ಕೆಲಸ ಇಲ್ಲದಾಗ, ತಾಲ್ಲೂಕಿನಲ್ಲಿ ಬೆಳೆ ರಕ್ಷಣೆಯ ಬಂದೂಕು ಇರುವವರಿಗೆ ನಡೆಸಲಿ. ಹಳೇ ಪರವಾನಗಿಯವರೂ ಹೋಗಬೇಕು.

2. ಅದೇ ಶಿಬಿರದಲ್ಲಿ ಹಳೇ ನಾಡಬಂದೂಕುಗಳ ನಳಿಗೆಯನ್ನು ತಿಳಿದವರ ಕೈಲಿ ನೋಡಿಸಲಿ. ತುಕ್ಕು ತಿಂದು ತೆಳುವಾದ ನಳಿಗೆ ಯಾವುದು ಅಂತ ಹೇಳುವವರೇ ನಮಗೆ ಇಲ್ಲ.

3. ಒಳ್ಳೆಯ ಕರಿಮದ್ದು, ಕೇಪು, ತೋಟೆ ಪರವಾನಗಿ ಇದ್ದವರಿಗೆ ಹತ್ತಿರದಲ್ಲಿ ನ್ಯಾಯವಾದ ಬೆಲೆಗೆ ಸಿಗಲಿ. ಲೆಕ್ಕ ಬರೆದೇ ಕೊಡಲಿ. ಸರಿಯಾದದ್ದು ಸಿಕ್ಕರೆ ಪಟಾಕಿ ಪುಡಿಗೆ ಕೈ ಹಾಕೋರು ಕಡಿಮೆಯಾಗ್ತಾರೆ.

4. ಹಂದಿ ಹೊಡೆಯುವ ಅಪ್ಪಣೆ ಬೆಳೆ ಇರುವಾಗಲೇ ಸಿಗುವಂತಾಗಲಿ. ಕೊಯ್ಲು ಮುಗಿದ ಮೇಲೆ ಬರುವ ಕಾಗದದಿಂದ ಏನು ಪ್ರಯೋಜನ?

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಕೈಯಲ್ಲೇ ಇರುವ ಕೆಲವು ಇವೆ. ಯಾವುದೆಂದು ಗೊತ್ತಿಲ್ಲದ ಮದ್ದನ್ನು ಬಂದೂಕಿಗೆ ಹಾಕೋದಿಲ್ಲ ಅಂತ ಗಟ್ಟಿ ಮಾಡಿಕೊಳ್ಳೋಣ. ಮದ್ದನ್ನು ಒಲೆ, ಬೀಡಿ, ಮಕ್ಕಳಿಂದ ದೂರ, ಕೇಪನ್ನು ಮದ್ದಿನಿಂದ ದೂರ ಬೀಗ ಹಾಕಿ ಇಡೋಣ. ತುಂಬಿದ ನಾಡಬಂದೂಕನ್ನು ಮೂಲೆಯಲ್ಲಿ ಒರಗಿಸಿ ಮಲಗೋದನ್ನು ಬಿಡೋಣ. ಕುಡಿದವನ ಕೈಗೆ ಬಂದೂಕು ಕೊಡೋದು ಬೇಡ. ಟಾರ್ಚಿನ ಬೆಳಕಲ್ಲಿ ಪ್ರಾಣಿಯನ್ನು ಪೂರ್ತಿ ಕಾಣದೆ, ಅದರ ಹಿಂದೆ ಏನಿದೆ ಅಂತ ತಿಳಿಯದೆ ಕುದುರೆ ಮುಟ್ಟೋದು ಬೇಡ. ಹೊಡೆದ ತೋಟೆಯನ್ನು ಆಯ್ದು ತನ್ನಿ, ಬಂದೂಕಿನ ಅಂಗಡಿಯವನಿಗೆ ಲೆಕ್ಕ ತೋರಿಸಲು ಬೇಕಾಗಬಹುದು. ತುಂಬಲು ಮಾತ್ರ ಬೇಡ.

ಅಕ್ಕನ ಮಗನನ್ನು ಕೊನೆಗೆ ಒಂದು ಕೇಳಿದೆ, "ನಿನಗೆ ಇಷ್ಟು ಗೊತ್ತಲ್ಲ, ನಮ್ಮ ಹುಡುಗರಿಗೆ ತೋಟೆ ತುಂಬೋದು ಹೇಳಿಕೊಡ್ತೀಯಾ?" ಅಂತ. "ಇಲ್ಲ ಮಾವ. ತೂಗೋದು, ಬರೆದಿಡೋದು, ಅನುಮಾನ ಬಂದರೆ ನಿಲ್ಲಿಸೋದು, ಇದನ್ನು ಬೇಕಾದರೆ ಹೇಳಿಕೊಡ್ತೀನಿ. ಇಲ್ಲಿ ಅದಕ್ಕೆ ಸಾಮಾನೂ ಇಲ್ಲ, ಕಾನೂನೂ ಇಲ್ಲ" ಅಂದ. ಕಲಿತವನು ಆಡುವ ಮಾತು ಇದು. ಕಲಿಯದವನಿಗೆ ಯಾವ ಅನುಮಾನವೂ ಬರೋದಿಲ್ಲ, ಭಯ ಇರೋದು ಅಲ್ಲೇ.

ಈ ವಿಷಯದಲ್ಲಿ ಬೇರೆ ಅಭಿಪ್ರಾಯ ಇರುವವರೂ ಇರಬಹುದು. ತಾಲ್ಲೂಕಿನಲ್ಲಿ ಬಂದೂಕು ತರಬೇತಿ ಪಡೆದವರು, ಗುಂಡು ಹಾರಿಸದೆಯೇ ಹಂದಿ ತಡೆದವರು ತಮ್ಮ ಅನುಭವವನ್ನು ಇದೇ ಪುಟಗಳಲ್ಲಿ ಬರೆದರೆ ನಮಗೆಲ್ಲ ಉಪಕಾರವಾಗುತ್ತೆ.